ಕೌಪ್ ಎಂದು ಬರೆಯುವ ಕೈ

“ಟೀಚರ್, ಇನ್ನೆಷ್ಟು ಹೊತ್ತು?” ಎಂದು ಪಿಎಸ್‌ಐ ಅಕ್ಷಿತಾ ಮೂರನೇ ಸಲ ಕೇಳಿದರು.

ನಾನು ಪರದೆಯ ಸಾಲುಗಳನ್ನು ಓದುತ್ತಲೇ ಇದ್ದೆ. ಕಾಪುವಿನ ತೀರಸಿರಿ ಐಸ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ನಾನು ಕೂತಿದ್ದೆ, ಅವರು ನಿಂತಿದ್ದರು. ಬಾಗಿಲಿಗೆ ಹಾಕಿದ್ದ ಪೊಲೀಸ್ ಸೀಲನ್ನು ಒಡೆಸಿದವಳು ನಾನೇ. ಏನೂ ಸಿಕ್ಕದೆ ಎದ್ದು ಹೋಗುವ ಮುಖ ನನಗಿರಲಿಲ್ಲ.

ಹದಿಮೂರು ದಿನವಾದರೂ ಅಮೋನಿಯಾದ ಘಾಟು ಗೋಡೆ ಬಿಟ್ಟಿರಲಿಲ್ಲ. ಈ ಗೋಡೆಯ ಆಚೆಗೇ ಪ್ಲಾಂಟಿನ ಕೆಲಸದಾಕೆ ಕುಶಲಾ ಸತ್ತದ್ದು. ಅವಳನ್ನು ಎಳೆದು ತರಲು ಒಳಗೆ ಹೋದ ಮಷಿನ್ ಆಪರೇಟರ್ ಜಿತೇಂದ್ರ ಸತ್ತದ್ದೂ ಅಲ್ಲೇ. ಗ್ಯಾಸ್ ಸೋರಿದರೆ ಕೂಗಬೇಕಾದ ಸೈರನ್ ಅಂದು ಕೂಗಲಿಲ್ಲ. ಯಾರೋ ದೂರದಲ್ಲಿ ಕೂತು, ಈ ಯುನಿಕ್ಸ್ ಮಷಿನಿನೊಳಗೆ ಬಂದು, ಅದರ ಬಾಯಿ ಮುಚ್ಚಿಸಿದ್ದರು. ಬಂದದ್ದು ಉಜ್ವಲ್‌ನ ಕೀಲಿಕೈ ಎಂದು ಪೊಲೀಸರಿಗೆ ಬರೆದುಕೊಟ್ಟವಳು ನಾನು. ಆ ಒಂದು ಹಾಳೆಯ ಬಲದಲ್ಲಿ ಈ ಮಷಿನನ್ನು ನೋಡಿಕೊಳ್ಳುತ್ತಿದ್ದ, ನನ್ನ ಹತ್ತಿರವೇ ಕಲಿತ ಉಜ್ವಲ್ ಒಂಬತ್ತು ದಿನದಿಂದ ಜೈಲಿನಲ್ಲಿದ್ದಾನೆ.

ನಾಳೆ ಬೆಳಿಗ್ಗೆ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುತ್ತದೆ. ನನ್ನ ಹಾಳೆ ಹಾಗೇ ಉಳಿದರೆ ಅರ್ಜಿ ಬಿದ್ದುಹೋಗುತ್ತದೆ.

ಮಷಿನ್ ಎಂದರೆ ದೊಡ್ಡದೇನಲ್ಲ, ಊಟದ ಡಬ್ಬಿಯಷ್ಟು ದಪ್ಪದ ಒಂದು ಕಂಪ್ಯೂಟರ್ ಪೆಟ್ಟಿಗೆ. ಗ್ಯಾಸಿನ ಒತ್ತಡ ನೋಡುವುದು, ಸೋರಿದರೆ ಸೈರನ್ ಕೂಗಿಸುವುದು ಅದರ ಕೆಲಸ. ಇಪ್ಪತ್ನಾಲ್ಕು ಗಂಟೆ ಅದರ ಮುಂದೆ ಯಾರು ಕೂರುತ್ತಾರೆ? ಅದಕ್ಕೇ ಒಂದು ಎಸ್‌ಎಸ್‌ಎಚ್ ಸರ್ವರ್ ಇಟ್ಟಿದ್ದರು. ಅದು ದೂರದಿಂದ ಒಳಬರುವ ಬಾಗಿಲು. ಮಣಿಪಾಲದಲ್ಲೋ ಮಸ್ಕತ್ತಿನಲ್ಲೋ ಕೂತವನು ತನ್ನ ಕೀಲಿಕೈ, ಅಂದರೆ ತನ್ನ ಕಂಪ್ಯೂಟರಿನಲ್ಲಿರುವ ಒಂದು ಗುಟ್ಟಿನ ಫೈಲು, ತೋರಿಸಿದರೆ ಬಾಗಿಲು ತೆರೆಯುತ್ತದೆ; ಇಲ್ಲಿಯ ಕೀಬೋರ್ಡನ್ನೇ ಒತ್ತುತ್ತಿರುವ ಹಾಗೆ ಕೆಲಸ ಮಾಡಬಹುದು. ಬಾಗಿಲು ತಟ್ಟಿದವರನ್ನೆಲ್ಲ ಅದು ಲಾಗ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಒಳಗೆ ಬಿಟ್ಟವರನ್ನೂ, ಹೊರಗಿನಿಂದಲೇ ಓಡಿಸಿದವರನ್ನೂ.

ನಾನು ಮೊದಲ ಸಲ ಬಂದಾಗ ಒಳಗೆ ಬಿಟ್ಟವರ ಸಾಲುಗಳನ್ನು ಮಾತ್ರ ಸೋಸಿ ತೆಗೆದಿದ್ದೆ. ಇಪ್ಪತ್ತೇಳು ವರ್ಷ ಕಾರ್ಕಳದ ಕಾಲೇಜಿನಲ್ಲಿ ಯುನಿಕ್ಸ್ ಕಲಿಸಿದವಳು, ಇಡೀ ಲಾಗ್ ಓದಿ ಎಂದು ಮಕ್ಕಳಿಗೆ ಗದರಿಸಿದವಳು, ಆ ದಿನ ಬಸ್ಸಿಗೆ ಹೊತ್ತಾಗುತ್ತದೆ ಎಂದು ಅಷ್ಟಕ್ಕೇ ಎದ್ದಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ ಇಷ್ಟೇ.

ಇವತ್ತು ಒಂದೊಂದೇ ಸಾಲು ಓದಿದೆ. ಇಂಟರ್ನೆಟ್ಟಿಗೆ ತೆರೆದಿಟ್ಟ ಬಾಗಿಲನ್ನು ಲೋಕದಲ್ಲಿರುವ ಕಳ್ಳರೆಲ್ಲ ತಟ್ಟುತ್ತಾರೆ. ರೂಟ್, ಅಡ್ಮಿನ್, ಟೆಸ್ಟ್ ಎಂದು ಬಾಯಿಗೆ ಬಂದ ಹೆಸರು ಹೇಳಿ ನೋಡುತ್ತಾರೆ. ಅಂಥ ಸಾವಿರಾರು ಸಾಲುಗಳ ಕಸದ ನಡುವೆ ಒಂದು ಹೆಸರು ಕಂಡಿತು. ನನ್ನ ಬೆರಳು ನಿಂತಿತು.

“ಅಕ್ಷಿತಾ ಮೇಡಂ, ಇಲ್ಲಿ ನೋಡಿ.”

ಅವರು ಬಗ್ಗಿದರು. “ಎಂತ ಉಂಟು ಇದರಲ್ಲಿ?”

“ಗ್ಯಾಸ್ ಸೋರಿದ ಮಂಗಳವಾರ ಬೆಳಿಗ್ಗೆ ಹತ್ತು ಮೂವತ್ತಕ್ಕೆ ಒಬ್ಬರು ಬಂದಿದ್ದಾರೆ. ಹೇಳಿದ ಹೆಸರು ಕೆ, ಎ, ಯು, ಪಿ. ಅಂಥವರು ಇಲ್ಲಿ ಯಾರೂ ಇಲ್ಲ ಅಂತ ಮಷಿನ್ ಓಡಿಸಿತು. ಅರ್ಧ ನಿಮಿಷ ಬಿಟ್ಟು ಅದೇ ಇಂಟರ್ನೆಟ್ ನಂಬರಿನಿಂದ ಪುನಃ ಬಂದಿದ್ದಾರೆ. ಈ ಸಲ ಕೆ, ಎ, ಪಿ, ಯು. ಬಾಗಿಲು ತೆರೆಯಿತು. ಸೈರನ್ ಬಂದ್ ಆಯ್ತು.”

“ಒಂದು ಸ್ಪೆಲ್ಲಿಂಗ್ ಮಿಸ್ಟೇಕ್. ಅಷ್ಟೇ ಅಲ್ವಾ?”

“ನೀವು ಕಾಪುವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ?”

“ಕೆ ಎ ಪಿ ಯು. ಇನ್ನು ಹೇಗೆ?” ಅಕ್ಷಿತಾ ಅಜೆಕಾರಿನವರು, ಮೂವತ್ತು ದಾಟಿರಲಿಕ್ಕಿಲ್ಲ.

“ನನ್ನ ಹಾಗೆ ಮುದುಕಿಯಾಗಿದ್ದರೆ ಕೆ ಎ ಯು ಪಿ ಅಂತ ಬರೆಯುತ್ತಿದ್ದಿರಿ. ಬ್ರಿಟಿಷರು ಬರೆದಿಟ್ಟದ್ದು ಅದು. ಹಳೇ ಬಸ್ಸಿನ ಬೋರ್ಡು, ಪೋಸ್ಟಾಫೀಸಿನ ಮುದ್ರೆ, ನಮ್ಮ ಮದುವೆ ಕಾಗದ, ಎಲ್ಲದರಲ್ಲೂ ಕೌಪ್. ಹೊರಗಿನವರು ಅದನ್ನು ಹಾಗೇ ಓದಿ ನಗೆಪಾಟಲಾಗುತ್ತಿದ್ದರು. ಉಜ್ವಲ್ ಕಾಪುವಿನಲ್ಲೇ ಹುಟ್ಟಿದವನು. ಕೌಪ್ ಅಂತ ಬರೆದರೆ ಸಿಟ್ಟು ಬರುತ್ತಿತ್ತು ಅವನಿಗೆ. ನನ್ನ ಜೊತೆಗೇ ಜಗಳ ಮಾಡಿದ್ದಾನೆ.”

“ಅವಸರದಲ್ಲಿ ಬೆರಳು ತಪ್ಪಿರಬಹುದು ಟೀಚರ್. ಎರಡಕ್ಷರ ಆಚೀಚೆ.”

“ಅವನು ಹೆಸರು ಹೊಡೆಯುವುದೇ ಇಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಅಕ್ಷರ ಒತ್ತಿದರೆ ಉಳಿದದ್ದು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ. ಲ್ಯಾಪ್‌ಟಾಪ್ ನಿಮ್ಮ ಕಸ್ಟಡಿಯಲ್ಲೇ ಉಂಟಲ್ಲ, ತೆರೆದು ನೋಡಿ. ಇದು ಬೇರೆ ಮಷಿನಿನಲ್ಲಿ ಕೂತು, ಪೂರ್ತಿ ಕೈಯಲ್ಲೇ ಹೊಡೆದವರ ಕೆಲಸ. ಕೀಲಿಕೈ ಉಜ್ವಲನದ್ದು. ಕೈ ಅವನದ್ದಲ್ಲ.”

ಅಕ್ಷಿತಾ ಆ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದರು.

“ಊರಲ್ಲಿ ಅರ್ಧ ಜನ ಕೌಪ್ ಅಂತ ಬರೆಯುವವರೇ ಆದರೆ?”

“ಆದರೆ ಈ ಮಷಿನಿನ ದಾರಿ ಗೊತ್ತಿದ್ದವರು ಮೂವರೇ. ಉಜ್ವಲ್. ಮಾಲೀಕರು ಸರ್ವೋತ್ತಮ ಶೆಟ್ಟರು, ಅರುವತ್ತೆರಡು ವರ್ಷ. ಮತ್ತೆ ಪ್ಲಾಂಟಿನ ಸಲಹೆಗಾರರು.”

“ನಿಮ್ಮ ಯಜಮಾನರು,” ಎಂದರು ಅಕ್ಷಿತಾ, ಮುಖದಲ್ಲಿ ಏನನ್ನೂ ತೋರಿಸದೆ.

ನನಗೆ ನಗು ಬಂತು. ಮೌರಿಸ್ ಬಹರೈನಿನಲ್ಲಿ ಇಪ್ಪತ್ತು ವರ್ಷ ಶೀತಲಯಂತ್ರಗಳ ಜೊತೆ ಬಾಳಿದವನು, ನಿಜ. ಆದರೆ ಕಂಪ್ಯೂಟರ್ ಎಂದರೆ ಮೂರು ಮಾರು ದೂರ. “ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಬೇಕಾದರೂ ನನ್ನನ್ನು ಕೂಗುತ್ತಾನೆ ಮಾರಾಯ್ರೇ,” ಎಂದೆ. ಬಂದವರ ನಂಬರನ್ನು ಡೈರಿಯಲ್ಲಿ ಬರೆದುಕೊಂಡೆ. ಕೊನೆಗೆ ಎಪ್ಪತ್ತೊಂದು. ಆ ನಂಬರು ಯಾರ ಮನೆಯದ್ದು ಎಂದು ಪೊಲೀಸರು ಇಂಟರ್ನೆಟ್ ಕಂಪೆನಿಗೆ ಬರೆದು ಒಂದು ವಾರವಾಗಿತ್ತು, ಉತ್ತರ ಬಂದಿರಲಿಲ್ಲ.

“ಸಂಜೆ ಆರಕ್ಕೆ ಪುನಃ ಸೀಲ್ ಮಾಡಬೇಕು. ಅಷ್ಟರವರೆಗೆ ನಾನು ಇಲ್ಲೇ ಇರುತ್ತೇನೆ,” ಎಂದರು ಅಕ್ಷಿತಾ. “ಉಳಿದ ದಿನಗಳ ಲಾಗನ್ನು ನೀವು ಮನೆಯಿಂದಲೇ ಓದಿ. ಆಗ್ತದಾ?”

ಓದಲು ಮಾತ್ರ ಬರುವ ಹಾಗೆ ನನ್ನ ಹೆಸರಲ್ಲಿ ಒಂದು ಖಾತೆ ಮಾಡಿಕೊಂಡು ಎದ್ದೆ.

*

ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹಿಂದೆ ನಳಿನಾಕ್ಷಿಯ ಝೆರಾಕ್ಸ್ ಅಂಗಡಿ. ಉಜ್ವಲ್‌ನ ತಾಯಿ. ಅಲ್ಲಿ ಇಳಿಯಬೇಕಾದ ಕೆಲಸವೇನೂ ಇರಲಿಲ್ಲ. ಇಳಿಯದಿದ್ದರೆ ಊಟ ಸೇರಲಿಕ್ಕಿಲ್ಲ ಎಂದು ಇಳಿದೆ.

ಅವಳು ವಕೀಲರು ಕೇಳಿದ ಕಾಗದಗಳ ಪ್ರತಿ ತೆಗೆಯುತ್ತಿದ್ದಳು. ಮಷಿನಿನ ಬೆಳಕು ಹಾಯುತ್ತಿದ್ದ ಹಾಳೆಯ ಕೆಳಗೆ ನನ್ನ ಸಹಿ ಇತ್ತು. ತನ್ನ ಮಗನನ್ನು ಜೈಲಿಗೆ ಹಾಕಿದ ಹಾಳೆಗೆ ತಾನೇ ಮೂರು ಪ್ರತಿ ಮಾಡಿ, ಅಂಚು ಸರಿಮಾಡಿ, ಪಿನ್ ಹೊಡೆದಳು.

“ಕೂತುಕೊಳ್ಳಿ ಟೀಚರ್,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

“ನಳಿನಾಕ್ಷಿ, ಮೊದಲ ಸಲ ನಾನು ಲಾಗ್ ಪೂರ್ತಿ ಓದಿರಲಿಲ್ಲ. ಅವನಲ್ಲ ಅಂತ ಇವತ್ತು ಗೊತ್ತಾಯ್ತು. ಸಂಜೆಯೊಳಗೆ ಯಾರು ಅಂತ ಹೇಳುತ್ತೇನೆ.”

ಅವಳ ಕೈ ನಿಂತಿತು. “ನಿನ್ನೆ ನೋಡಲಿಕ್ಕೆ ಹೋಗಿದ್ದೆ. ಊಟ ಮಾಡ್ತಾ ಇಲ್ಲ ಅವ. ನಿನ್ನ ಕೀ ಬೇರೆ ಯಾರ ಹತ್ತಿರವಾದರೂ ಉಂಟಾ ಮಗಾ ಅಂತ ಕೇಳಿದೆ. ಯಾರ ಹತ್ತಿರವೂ ಇಲ್ಲ ಅಮ್ಮ, ಕೇಳಬೇಡ ಅಂದ. ಮುಖ ನೋಡಲೇ ಇಲ್ಲ. ಅವ ಸುಳ್ಳು ಹೇಳುವಾಗ ಹಾಗೇ ಮಾಡುವುದು ಟೀಚರ್, ಸಣ್ಣದಿರುವಾಗಲೇ. ಯಾರನ್ನೋ ಉಳಿಸಲಿಕ್ಕೆ ನೋಡ್ತಾ ಇದ್ದಾನೆ. ಯಾರಾಗಿರಬಹುದು?”

“ಪತ್ತೆ ಮಾಡುತ್ತೇನೆ,” ಎಂದೆ. ಒಳಗೊಳಗೆ ಆ ಯಾರೋ ಒಬ್ಬರ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು.

*

ಸರ್ವೋತ್ತಮ ಶೆಟ್ಟರ ಆಫೀಸು ಮಣಿಪಾಲದಲ್ಲಿ, ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಾ ಇವರೇ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಹಳೇ ಕಾಲದವರು, ಮಷಿನ್ ಅವರದೇ, ಮಾತು ಬೇರೆ ಬೆಣ್ಣೆ.

“ಬನ್ನಿ ಕ್ಲಾರಾ ಟೀಚರ್. ಚಾ ಕುಡಿಯುತ್ತೀರಾ?”

“ಬೇಡ. ಪ್ಲಾಂಟಿನ ವಿಳಾಸ ಇಂಗ್ಲಿಷಿನಲ್ಲಿ ಬರೆದುಕೊಡಿ. ರಿಪೋರ್ಟಿಗೆ ಬೇಕು.”

ಅವರು ಪೆನ್ನು ತೆಗೆದು ದಪ್ಪಕ್ಷರದಲ್ಲಿ ಬರೆದರು. ಕೆ ಎ ಪಿ ಯು. ಒಂದು ಕ್ಷಣವೂ ತಡೆಯಲಿಲ್ಲ.

“ಮೊದಲು ಕೌಪ್ ಅಂತ ಇತ್ತಲ್ಲ?” ಎಂದೆ, ನಿರಾಸೆ ಅಡಗಿಸಿಕೊಂಡು.

“ಅಯ್ಯೋ, ಆ ಕೌಪಿನ ಕಾಟ ಸಾಕಪ್ಪ. ಕಾಪು ತಾಲೂಕಾದ ವರ್ಷವೇ ನಾನು ಎಲ್ಲ ಬದಲಾಯಿಸಿದೆ. ಬೋರ್ಡು, ಬಿಲ್ ಪುಸ್ತಕ, ಐಸ್ ಚೀಲ. ಕಂಪ್ಯೂಟರ್ ಮಾತ್ರ ಉಳಿದಿತ್ತು. ಹಳೇ ಪೆಟ್ಟಿಗೆಯ ಹೆಸರೇ ಕೌಪ್ ಅಂತ ಇತ್ತು. ಎರಡು ವರ್ಷದ ಹಿಂದೆ ಉಜ್ವಲ್ ಹೊಸದು ತಂದ, ಕಾಪು ಅಂತ ಹೆಸರಿಟ್ಟ. ಹಳೇದು ಸ್ಟೋರ್ ರೂಮಿಗೆ ಹೋಯ್ತು.”

“ಆ ಮಂಗಳವಾರ ಬೆಳಿಗ್ಗೆ ಪ್ಲಾಂಟಿಗೆ ಇನ್ಸ್‌ಪೆಕ್ಷನ್ ಬಂದಿತ್ತು. ಸೈರನ್ ಬಂದ್ ಮಾಡಿ ಅಂತ ನೀವು ಯಾರಿಗಾದರೂ ಹೇಳಿದ್ದಿರಾ?”

ಬೆಣ್ಣೆ ಗಟ್ಟಿಯಾಯಿತು. “ವಕೀಲರು ಮಾತಾಡಬೇಡಿ ಅಂದಿದ್ದಾರೆ.” ಆಮೇಲೆ, ನಾನು ಬಾಗಿಲು ದಾಟುವಾಗ, ಬೇರೆ ದನಿಯಲ್ಲಿ ಕೇಳಿದರು. “ಮೌರಿಸ್ ಸರ್ ಹೇಗಿದ್ದಾರೆ? ಎರಡು ವಾರದಿಂದ ನನ್ನ ಫೋನ್ ತೆಗೆಯುತ್ತಾ ಇಲ್ಲ.”

ಕಾರ್ಕಳದ ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತು ಆ ಮಾತನ್ನು ಬಿಟ್ಟುಬಿಡಲು ನೋಡಿದೆ. ಮೌರಿಸ್ ಊಟ ಕಡಿಮೆ ಮಾಡಿದ್ದ. ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗುತ್ತಿದ್ದ. ಜಿತೇಂದ್ರನಿಗೆ ಕೆಲಸ ಕಲಿಸಿದವನು ಅವನೇ, ಅದರ ದುಃಖ ಎಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡೆ.

*

ಮನೆಗೆ ಬಂದಾಗ ಮೂರು ಗಂಟೆ. ಮೌರಿಸ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ನಾನು ಚಪ್ಪಲಿ ಬಿಟ್ಟವಳೇ ಕಂಪ್ಯೂಟರ್ ಹಾಕಿ, ಕಾಪುವಿನ ಮಷಿನಿಗೆ ಹೋಗಿ, ಲಾಗ್ ತೆರೆದೆ.

ಲಾಗಿನ ಕೊನೇ ಸಾಲು ನಾನೇ. ಈಗಷ್ಟೇ ಬಂದವಳನ್ನು ಮಷಿನ್ ಬರೆದುಕೊಂಡಿತ್ತು. ಕ್ಲಾರಾ, ಇಷ್ಟು ಗಂಟೆಗೆ, ಇಂಥ ನಂಬರಿನಿಂದ.

ಕೊನೆಗೆ ಎಪ್ಪತ್ತೊಂದು.

ಡೈರಿ ತೆಗೆದು ಒಂದೊಂದೇ ಅಂಕೆ ಹೋಲಿಸಿದೆ. ಒಂದೂ ಬೇರೆಯಿಲ್ಲ. ಇಂಟರ್ನೆಟ್ ಕಂಪೆನಿ ಮನೆಗೆ ಕೊಟ್ಟ ನಂಬರನ್ನು ಯಾರೂ ಬಾಯಿಪಾಠ ಮಾಡಿಕೊಳ್ಳುವುದಿಲ್ಲ. ನಾನೂ ಮಾಡಿರಲಿಲ್ಲ. ಸೈರನ್ನಿನ ಬಾಯಿ ಮುಚ್ಚಿಸಿದ ಕೈ ನನ್ನ ಮನೆಯಿಂದ ಹೋಗಿತ್ತು.

ಆಗ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದೆ, ಶನಿವಾರದ ಪಾಠಕ್ಕೆ ಬಂದಿದ್ದ ಉಜ್ವಲ್‌ಗೆ ನಾನೇ ಹೇಳಿದ್ದೆ. ಲ್ಯಾಪ್‌ಟಾಪ್ ಮಳೆಗೆ ಸಿಕ್ಕಿ ಹೋದರೆ ಎಂತ ಮಾಡುತ್ತೀಯಾ, ಕೀಲಿಕೈಯ ಒಂದು ಪ್ರತಿ ಇಲ್ಲಿ ಇಡು ಅಂತ. ಹುಡುಕಿದೆ. ಅವನ ಹೆಸರಿನ ಫೋಲ್ಡರಿನಲ್ಲಿ ಅದು ಹಾಗೇ ಇತ್ತು.

ಅವನು ಉಳಿಸುತ್ತಿದ್ದದ್ದು ನನ್ನನ್ನು. ಪೊಲೀಸರಿಗೆ, ವಕೀಲರಿಗೆ, ಹೆತ್ತ ತಾಯಿಗೂ ನನ್ನ ಮನೆಯ ಹೆಸರು ಹೇಳಿರಲಿಲ್ಲ. ನಾನೋ, ಅವನ ಹೆಸರನ್ನು ಬರೆದು ಸಹಿ ಹಾಕಿ ಕೊಟ್ಟಿದ್ದೆ.

“ಮೌರಿಸ್, ಇಲ್ಲಿ ಬಾ.”

ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕುರ್ಚಿ ಬಿಟ್ಟುಕೊಟ್ಟು, ಕೀಬೋರ್ಡು ಅವನ ಮುಂದೆ ತಳ್ಳಿದೆ.

“ಕಾಪು ಅಂತ ಹೊಡಿ.”

“ಯಾಕೆ?”

“ಹೊಡಿ.”

ಎರಡು ಬೆರಳಿನಲ್ಲಿ ನಿಧಾನವಾಗಿ ಹೊಡೆದ. ಕೆ. ಎ. ಯು. ಪಿ ಹುಡುಕಿ ಒತ್ತುವ ಮೊದಲೇ ಅವನ ಬೆರಳು ಗಾಳಿಯಲ್ಲಿ ನಿಂತಿತು. ಪರದೆ ನೋಡಿದ, ನನ್ನನ್ನು ನೋಡಿದ.

“ಯಾವಾಗ ಗೊತ್ತಾಯ್ತು?” ಎಂದ.

“ಈಗ. ನಿನಗೆ ಯಾರು ಕಲಿಸಿದ್ದು?”

“ಉಜ್ವಲ್. ಒಂದು ಶನಿವಾರ ನೀನು ಮಾರ್ಕೆಟಿಗೆ ಹೋಗಿದ್ದೆ. ಒತ್ತಡ ನೋಡಲಿಕ್ಕೆ ಕಾಪುವಿಗೆ ಓಡಬೇಡಿ ಸರ್, ಇಲ್ಲೇ ನೋಡಿ ಅಂತ ತೋರಿಸಿದ. ಮೂರು ಸಾಲು ಚೀಟಿಯಲ್ಲಿ ಬರೆದುಕೊಟ್ಟ. ಸೈರನ್ ಪರೀಕ್ಷೆ ಮಾಡುವುದು ಹೇಗೆ ಅಂತಲೂ ಬರೆದಿದ್ದ. ನಿನಗೆ ಹೇಳಿದರೆ ನಗುತ್ತೀ ಅಂತ ಹೇಳಲಿಲ್ಲ.”

“ಆ ಮಂಗಳವಾರ?”

“ಶೆಟ್ಟರು ಫೋನ್ ಮಾಡಿದರು. ಇನ್ಸ್‌ಪೆಕ್ಟರ್ ಗೇಟಿನಲ್ಲಿದ್ದಾರೆ, ಸೈರನ್ ಸುಮ್ಮನೆ ಕೂಗಿದರೆ ಲೈಸೆನ್ಸ್ ಹೋಗುತ್ತದೆ, ಅರ್ಧ ಗಂಟೆ ಬಂದ್ ಮಾಡಿ ಅಂತ. ಆ ವಾರವಿಡೀ ಅದು ಸುಳ್ಳೇ ಕೂಗುತ್ತಿತ್ತು ಕ್ಲಾರಾ. ನೆಲ ತೊಳೆಯುವ ಬ್ಲೀಚಿಂಗ್ ಪುಡಿಗೂ ಕೂಗುತ್ತಿತ್ತು. ನಾನೇ ಸೆನ್ಸರ್ ಬದಲಾಯಿಸಲಿಕ್ಕೆ ಬರೆದುಕೊಟ್ಟಿದ್ದೆ.”

“ನೀನು ಬಂದ್ ಮಾಡಿದೆ.”

“ಮಾಡಿದೆ.”

“ಇಬ್ಬರು ಸತ್ತರು. ಉಜ್ವಲ್ ಜೈಲಿಗೆ ಹೋದ. ನೀನು ಇಗರ್ಜಿಗೆ ಹೋದೆ.” ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. “ಹದಿಮೂರು ದಿನ ನನ್ನ ಎದುರು ಕೂತು ಗಂಜಿ ಕುಡಿದೆಯಲ್ಲ ಮೌರಿಸ್! ನಾನು ಆ ಹಾಳೆಗೆ ಸಹಿ ಹಾಕುವಾಗ ಪೆನ್ನು ತಂದುಕೊಟ್ಟದ್ದು ನೀನು!”

“ನಾನು ಪುನಃ ಆನ್ ಮಾಡಿದೆ!” ಅವನು ಎದ್ದು ನಿಂತ. “ದೇವರಾಣೆ, ಕ್ಲಾರಾ. ಹತ್ತೂ ಐವತ್ತಕ್ಕೆ ಇನ್ಸ್‌ಪೆಕ್ಟರ್ ಹೋದರು ಅಂತ ಫೋನ್ ಬಂತು. ಐವತ್ತಾರಕ್ಕೆ ನಾನು ಇದೇ ಕುರ್ಚಿಯಲ್ಲಿ ಕೂತು ಆನ್ ಮಾಡಿದೆ. ಆನ್ ಆಯ್ತು ಅಂತ ಪರದೆಯಲ್ಲಿ ಬಂತು. ಗ್ಯಾಸ್ ಸೋರಿದ್ದು ಹನ್ನೊಂದೂ ಐದಕ್ಕೆ. ನಾನು ಆನ್ ಮಾಡಿದ್ದನ್ನು ಆಮೇಲೆ ಯಾರೋ ಬಂದ್ ಮಾಡಿದ್ದಾರೆ. ಉಜ್ವಲನೇ ಇರಬೇಕು ಅಂದುಕೊಂಡೆ. ಪೊಲೀಸರು ಅವನನ್ನೇ ಹಿಡಿದರು. ಹಾಗಿರುವಾಗ ನನ್ನ ಅರ್ಧ ಗಂಟೆಯ ಕಥೆ ಹೇಳಿ ಎಂತ ಪ್ರಯೋಜನ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಹೆಂಡತಿಯಾಗಿರುವವಳಿಗೆ ಅಷ್ಟು ಗೊತ್ತಾಗುತ್ತದೆ. ಆದರೆ ಬೆಳಿಗ್ಗೆ ನಾನು ಆ ದಿನದ ಲಾಗನ್ನು ಒಂದು ಸಾಲೂ ಬಿಡದೆ ಓದಿದ್ದೆ. ಹತ್ತೂ ಐವತ್ತಾರಕ್ಕೆ ಕಾಪುವಿನ ಮಷಿನಿಗೆ ಯಾರೂ ಬಂದಿರಲಿಲ್ಲ.

“ಎರಡನೇ ಸಲ ಹೋದಾಗ ಎಂತೆಂತ ಆಯ್ತು, ಒಂದೂ ಬಿಡದೆ ಹೇಳು.”

“ಅವಸರದಲ್ಲಿ ಚೀಟಿ ನೋಡಲಿಲ್ಲ, ಒಳಹೋಗುವವರ ಹೆಸರು, ಮಷಿನಿನ ಹೆಸರು ಎರಡನ್ನೂ ನೆನಪಿನಿಂದಲೇ ಹೊಡೆದೆ. ಆಗ ಅದು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಹೌದಾ, ಅಲ್ಲವಾ ಅಂತ. ಹೌದು ಅಂತ ಹೊಡೆದೆ. ಒಳಗೆ ಬಿಟ್ಟಿತು.”

“ಮೊದಲನೇ ಸಲ ಕೇಳಿತ್ತಾ?”

“ಇಲ್ಲ. ಅದಕ್ಕಿಂತ ಮೊದಲೂ ಯಾವತ್ತೂ ಕೇಳಿರಲಿಲ್ಲ. ಯಾಕೆ?”

ಆ ಪ್ರಶ್ನೆಯನ್ನು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಈ ಮಷಿನಿನ ಪರಿಚಯ ನನಗಿಲ್ಲ, ಆದರೂ ಹೋಗಬೇಕಾ ಎಂದು ನಮ್ಮ ಕಂಪ್ಯೂಟರ್ ಕೇಳುವ ಪ್ರಶ್ನೆ ಅದು. ಒಮ್ಮೆ ಹೋಗಿ ಬಂದ ಮಷಿನಿಗೆ ಮತ್ತೆ ಕೇಳುವುದಿಲ್ಲ. ಲೋಕದಲ್ಲಿ ಯಾರೂ ಅದನ್ನು ಓದುವುದಿಲ್ಲ, ಹೌದು ಎಂದು ಒತ್ತುತ್ತಾರೆ. ದಿನಾ ಹೋಗುವ ಮಷಿನಿಗೆ ಹೋಗಿದ್ದರೆ ಅದು ಮೌರಿಸನ್ನು ಕೇಳುತ್ತಲೇ ಇರಲಿಲ್ಲ.

ಅವನು ಹೋದದ್ದು ಬೇರೆ ಮಷಿನಿಗೆ.

ಹತ್ತು ಮೂವತ್ತಕ್ಕೆ ತಪ್ಪಿದ್ದು ಬಳಕೆದಾರನ ಹೆಸರು ಮಾತ್ರ; ಎರಡನೇ ಸಲ ಮಷಿನಿನ ಹೆಸರೂ ತಪ್ಪಿರಬೇಕು. ಉಜ್ವಲ್‌ನ ಕೀಲಿಕೈ ಹಿಡಿದು, ಬಳಕೆದಾರನ ಹೆಸರು ಕೌಪ್, ಮಷಿನಿನ ಹೆಸರೂ ಕೌಪ್ ಎಂದು ಹೊಡೆದೆ. ಉತ್ತರ ಬರಬಾರದಿತ್ತು. ಎರಡು ವರ್ಷದ ಹಿಂದೆ ಸ್ಟೋರ್ ರೂಮಿಗೆ ಹೋದ ಪೆಟ್ಟಿಗೆ ಅದು.

ಬಾಗಿಲು ತೆರೆಯಿತು. ಕೊನೆಯ ಸಲ ಬಂದವರು ಯಾವಾಗ, ಎಲ್ಲಿಂದ ಎಂದು ಹೇಳುವ ಸಾಲು ಮೊದಲು ಬಂತು. ಮಂಗಳವಾರ, ಹತ್ತೂ ಐವತ್ತಾರು. ನಂಬರಿನ ಕೊನೆಗೆ ಎಪ್ಪತ್ತೊಂದು.

“ನೋಡಿದೆಯಾ?” ಎಂದ ಮೌರಿಸ್, ನನ್ನ ಭುಜದ ಮೇಲಿಂದ ಬಗ್ಗಿ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಜೀವ ಬಂದಿತ್ತು. “ಆನ್ ಮಾಡಿದೆ ಅಂದೆನಲ್ಲ!”

ಹೇಳದೆ ಇರಬಹುದಿತ್ತು. ಹೇಳಿದೆ.

“ಮೌರಿಸ್, ಇದು ಹಳೇ ಪೆಟ್ಟಿಗೆ. ಇದಕ್ಕೆ ಸೈರನ್ ಇಲ್ಲ. ವೈರ್ ಕಿತ್ತು ಎರಡು ವರ್ಷ ಆಯ್ತು. ಆನ್ ಆಯ್ತು ಅಂತ ಅದು ಹೇಳಿದ್ದಷ್ಟೇ. ನೀನು ಹೊಡೆದದ್ದು ಕೌಪ್.”

“ಅಂದರೆ ಕಾಪುವಿನಲ್ಲಿ?”

“ಆನ್ ಆಗಲೇ ಇಲ್ಲ. ನೀನು ಬಂದ್ ಮಾಡಿದ್ದು ಹಾಗೇ ಇತ್ತು. ಆಮೇಲೆ ಯಾರೂ ಬರಲಿಲ್ಲ.”

ಅವನು ನೆಲದ ಮೇಲೇ ಕೂತ. ತುಂಬ ಹೊತ್ತು ತನ್ನ ಎರಡು ತೋರುಬೆರಳುಗಳನ್ನು ನೋಡಿಕೊಂಡ. ಆಮೇಲೆ ಜಿತೇಂದ್ರನ ಹೆಸರನ್ನು ಒಮ್ಮೆ ಹೇಳಿದ, ಅಷ್ಟೇ. ಅವನ ಮೇಲೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮರುಕ ಬಂತು, ಭಯವೂ ಬಂತು.

ಎರಡು ಸಂಗತಿ ಸ್ಪಷ್ಟವಾಗಿತ್ತು. ಉಜ್ವಲ್ ಹೊರಗೆ ಬರಬೇಕಾದರೆ ಮೌರಿಸ್ ಒಳಗೆ ಹೋಗಬೇಕು. ಮತ್ತೆ, ಮೌರಿಸ್ ಸೈರನ್ ಬಂದ್ ಮಾಡಿ ಮರೆತವನಲ್ಲ, ಸಮಯಕ್ಕೆ ಸರಿಯಾಗಿ ಆನ್ ಮಾಡಲು ಹೋಗಿ ಒಂದು ಸ್ಪೆಲ್ಲಿಂಗಿನಲ್ಲಿ ಸೋತವನು ಎಂದು ಹೇಳುವ ಒಂದೇ ಸಾಕ್ಷಿ ಈ ಹಳೇ ಪೆಟ್ಟಿಗೆಯ ಲಾಗ್.

ಮೊದಲು ಅದರ ನಕಲು ತೆಗೆಯಬೇಕಿತ್ತು. ಯಾವ ಶಿಷ್ಯನಾದರೂ ಅಷ್ಟು ಮಾಡುತ್ತಿದ್ದ. ಆದರೆ ಐದು ನಿಮಿಷ ತಡೆದರೆ ಗಂಡನ ಹೆಸರು ನನ್ನ ಬಾಯಿಂದ ಹೊರಡುವುದಿಲ್ಲ ಎಂಬ ಹೆದರಿಕೆಗೆ ಫೋನ್ ಎತ್ತಿದೆ.

“ಅಕ್ಷಿತಾ ಮೇಡಂ, ಬರೆದುಕೊಳ್ಳಿ. ಬಂದ್ ಮಾಡಿದ್ದು ಮೌರಿಸ್. ನನ್ನ ಗಂಡ. ನನ್ನ ಮನೆಯಿಂದ. ಉಜ್ವಲ್‌ಗೆ ಇದರಲ್ಲಿ ಯಾವ ಸಂಬಂಧವೂ ಇಲ್ಲ.”

“ಟೀಚರ್, ನಿಮಗೆ ಹುಷಾರುಂಟಲ್ಲ?”

“ಉಂಟು. ಪೂರ್ತಿ ಕೇಳಿ. ಅವನು ಪುನಃ ಆನ್ ಮಾಡಲಿಕ್ಕೆ ಹೋಗಿದ್ದಾನೆ, ತಪ್ಪು ಮಷಿನಿಗೆ. ಹಳೇ ಮಷಿನ್ ನಿಮ್ಮ ಪಕ್ಕದ ಸ್ಟೋರ್ ರೂಮಿನಲ್ಲೇ ಉಂಟು. ಈಗಲೇ ಹೋಗಿ ವಶಕ್ಕೆ ತೆಗೆದುಕೊಳ್ಳಿ. ಆಫ್ ಮಾಡಬೇಡಿ, ಮುಟ್ಟಬೇಡಿ. ಅದರ ಮುಂದೆ ನಿಂತುಕೊಳ್ಳಿ, ಸಾಕು.”

ಅವರ ಬೂಟಿನ ಸದ್ದು, ಬೀಗದ ಸದ್ದು, ಏನೋ ಸರಿಸಿದ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅಷ್ಟರಲ್ಲಿ ನಾನು ನಕಲಿನ ಆಜ್ಞೆ ಹೊಡೆಯತೊಡಗಿದೆ.

“ಟೀಚರ್,” ಎಂದರು ಅಕ್ಷಿತಾ. “ಇಲ್ಲಿ ಮಷಿನ್ ಇಲ್ಲ.”

“ಸರಿಯಾಗಿ ನೋಡಿ. ಊಟದ ಡಬ್ಬಿಯ ಹಾಗೆ ಇರುತ್ತದೆ.”

“ಶೆಲ್ಫಿನ ಧೂಳಿನಲ್ಲಿ ಪೆಟ್ಟಿಗೆ ಇಟ್ಟ ಗುರುತುಂಟು. ಪೆಟ್ಟಿಗೆ ಇಲ್ಲ. ಗುರುತಿನ ಮೇಲೂ ಧೂಳು ಕೂತಿದೆ. ಇವತ್ತು ನಿನ್ನೆ ತೆಗೆದದ್ದಲ್ಲ.”

“ಆಗಲಿಕ್ಕಿಲ್ಲ. ನಾನು ಅದರೊಳಗೇ ಇದ್ದೇನೆ. ನನ್ನ ಜೊತೆ ಮಾತಾಡುತ್ತಾ ಉಂಟು ಅದು.”

“ಹಾಗಾದರೆ ಅದು ಇರುವುದು ಬೇರೆಲ್ಲೋ ಟೀಚರ್. ಯಾರೋ ಮನೆಗೆ ಒಯ್ದು ನಡೆಸುತ್ತಾ ಇದ್ದಾರೆ.”

ನನ್ನ ಆಜ್ಞೆ ಇನ್ನೂ ಅರ್ಧದಲ್ಲಿತ್ತು. ಆಗ ನಾನು ಒತ್ತದ ಅಕ್ಷರಗಳು ಪರದೆಯ ಮೇಲೆ ಮೂಡಿದವು. ಒಂದೇ ಮಷಿನಿನೊಳಗೆ ಕೂತ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಪರದೆಗೆ ಚೀಟಿ ಕಳಿಸುವ ಹಳೇ ವಿದ್ಯೆ ಅದು. ಈಗ ಯಾರೂ ಬಳಸುವುದಿಲ್ಲ. ಈ ಜಿಲ್ಲೆಯಲ್ಲಿ ಅದನ್ನು ಕಲಿಸುತ್ತಿದ್ದವಳು ನಾನೊಬ್ಬಳೇ; ಆ ಕಡೆ ಕೂತದ್ದು ನನ್ನ ಹತ್ತಿರವೇ ಕಲಿತ ಯಾರೋ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. “ಟೀಚರ್, ಸಾಕು. ಇನ್ನು ಹೊರಗೆ ಹೋಗಿ.”

ಸಂಪರ್ಕ ಕಡಿಯಿತು. ಮತ್ತೆ ಹೊಡೆದೆ, ಮತ್ತೆ ಹೊಡೆದೆ. ಕೌಪ್ ಎಂಬ ಹೆಸರಿಗೆ ಉತ್ತರವೇ ಇರಲಿಲ್ಲ. ನನ್ನ ಕೈಗೆ ಒಂದು ಸಾಲೂ ಬಂದಿರಲಿಲ್ಲ. ಆ ಹತ್ತೂ ಐವತ್ತಾರನ್ನು ಕಣ್ಣಾರೆ ಕಂಡವರು ಈಗ ಇಬ್ಬರೇ. ಒಬ್ಬ ಆರೋಪಿ, ಇನ್ನೊಬ್ಬಳು ಅವನ ಹೆಂಡತಿ.

ಫೋನ್ ಇನ್ನೂ ಕಿವಿಯಲ್ಲಿತ್ತು.

“ಟೀಚರ್,” ಎಂದರು ಅಕ್ಷಿತಾ, ಬಹಳ ಮೆಲ್ಲಗೆ. “ಮೌರಿಸ್ ಸರ್ ಎಲ್ಲಿಗೂ ಹೋಗದ ಹಾಗೆ ನೋಡಿಕೊಳ್ಳಿ. ಕಾರ್ಕಳ ಸ್ಟೇಷನ್ನಿಂದ ನಿಮ್ಮ ಮನೆಗೆ ಜೀಪ್ ಹೊರಟಿದೆ.”